ಬಾವಿಕಟ್ಟೆ ಮೇಲೆ ಕ್ಲಿಪ್ ಮೇಷ್ಟ್ರು

ಲೈಟು ಆರಿಸಬೇಡಿ, ಹಾಗೇ ಇರಲಿ. ಭಯಕ್ಕಲ್ಲ… ನಿಮ್ಮ ಮುಖ ನನಗೆ ಕಾಣ್ತಾ ಇರಬೇಕು. ಯಾರು ಎಲ್ಲಿ ನಗ್ತೀರಿ ಅಂತ ನೋಡಿಕೊಂಡೇ ಹೇಳ್ತೀನಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಎಂಟು ವರ್ಷದ ಹಿಂದಿನ ಮಾತು. ಅಕ್ಕ ನಿಮ್ಮ ಹಾಗೆ ಬೆಕ್ಕು ಹಾರಿದರೆ ಬೆಚ್ಚಿಬೀಳೋಳಲ್ಲ, ಅದು ನೆನಪಿರಲಿ.

ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಸಿ ಒಬ್ಬಳೇ ಮನೆಗೆ ನಡಕೊಂಡು ಬರ್ತಾ ಇದ್ದಳು. ಆಸ್ಪತ್ರೆ ಹಿಂದಿನ ರಸ್ತೆಯಲ್ಲಿ ಒಂದು ಹಳೇ ಬಾವಿ. ಯಾರೂ ನೀರು ಸೇದಲ್ಲ. ಅರ್ಧ ಬಾಯಿಗೆ ಕಬ್ಬಿಣದ ಜಾಲರಿ, ಇನ್ನರ್ಧ ಹಾಗೇ ತೆರೆದಿದೆ. ಅಕ್ಕನ ಹೆಗಲಲ್ಲಿ ಚೀಲ. ಚೀಲದಲ್ಲಿ ಟವೆಲ್ಲು. ಟವೆಲ್ಲಿನೊಳಗೆ… ಆಸ್ಪತ್ರೆಯ ಸ್ಕ್ಯಾನಿಂಗ್ ಮೆಷಿನ್ನಿನ ಪ್ರೋಬು. ಡಾಕ್ಟರು ಜೆಲ್ ಹಚ್ಚಿ ಹೊಟ್ಟೆ ಮೇಲೆ ಆಡಿಸ್ತಾರಲ್ಲ, ಅದು. ಕದ್ದುಕೊಂಡು ಬಂದಿದ್ದಳು. ಹೌದು, ಕದ್ದು. ಯಾಕೆ ಅಂತ ಹೇಳ್ತೀನಿ, ತಡಕೊಳ್ಳಿ.

ಬಾವಿ ಹತ್ತಿರ ಬರ್ತಿದ್ದ ಹಾಗೆ ಒಂದು ಸದ್ದು.

ಟಿಕ್… ಟಿಕ್… ಟಿಕ್…

ಗಡಿಯಾರದ್ದಲ್ಲ. ತಂತಿಯ ತುದಿಯಿಂದ ರಬ್ಬರನ್ನ ಮೆಲ್ಲಗೆ ತಟ್ಟಿದ ಹಾಗೆ. ಅಕ್ಕನ ಕಾಲು ಅಲ್ಲೇ ನಿಂತುಹೋಯ್ತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಅದು ಬರ್ತಾ ಇದ್ದದ್ದು ಬಾವಿಯಿಂದಲ್ಲ… ಅವಳ ಚೀಲದೊಳಗಿಂದ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಅಕ್ಕ ಬಯೋಮೆಡಿಕಲ್ ಎಂಜಿನಿಯರ್. ಅದೇನು ಅಂತ ನಮ್ಮ ಮನೇಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಕೇಳಿದೋರಿಗೆಲ್ಲ "ಡಾಕ್ಟರುಗಳಿಗೇ ಡಾಕ್ಟರು" ಅಂತ ಎದೆ ಉಬ್ಬಿಸೋರು. ದೊಡ್ಡಮ್ಮ "ರಿಪೇರಿ ಕೆಲಸ" ಅಂದು ಮುಗಿಸೋರು. ನಿಜ ಏನಂದ್ರೆ ಡಾಕ್ಟರು ರೋಗಿ ನೋಡ್ತಾರೆ, ಅಕ್ಕ ಡಾಕ್ಟರ ಸ್ಕ್ಯಾನಿಂಗ್ ಮೆಷಿನ್ ನೋಡ್ತಾಳೆ. ಆಗ ಅವಳಿಗೆ ಹನ್ನೊಂದು ವರ್ಷದ ಸರ್ವಿಸ್ಸು.

ಕೆಲಸ ಕಲಿಸಿದವರು ಕ್ಲಿಪ್ ಮೇಷ್ಟ್ರು, ಆಸ್ಪತ್ರೆಯ ಹಳೇ ಎಂಜಿನಿಯರ್. ಜೇಬಲ್ಲಿ ಹಸಿರು ಮಸಿಯ ಪೆನ್ನು, ಅದರ ಪಕ್ಕ ನೆಟ್ಟಗೆ ಮಾಡಿಟ್ಟ ಒಂದು ಜೆಮ್ ಕ್ಲಿಪ್ಪು. ಪ್ರೋಬಿನ ಮೂತಿಯೊಳಗೆ ಸಾಲಾಗಿ ನೂರ ಇಪ್ಪತ್ತೆಂಟು ಸಣ್ಣ ಹರಳು ಇರ್ತವಂತೆ. ನಮ್ಮ ಕಿವಿಗೆ ಬೀಳದ ಸದ್ದು ಕಳಿಸೋದೂ ಅವೇ, ವಾಪಸ್ ಬಂದದ್ದನ್ನ ಕೇಳಿಸಿಕೊಳ್ಳೋದೂ ಅವೇ. ಮೂತಿ ಒರೆಸಿ ಕ್ಲಿಪ್ಪನ್ನ ಈ ತುದಿಯಿಂದ ಆ ತುದಿಗೆ ಜರುಗಿಸ್ತಾ ಹೋದರೆ, ಕ್ಲಿಪ್ ಇದ್ದ ಕಡೆ ಪರದೆ ಮೇಲೆ ಬೆಳ್ಳಗೆ ಹೊಳೆಯತ್ತೆ. ಹೊಳೆಯಲಿಲ್ಲವೋ, ಅಲ್ಲಿನ ಹರಳು ಸತ್ತಿದೆ ಅಂತ. ಅಷ್ಟು ದೊಡ್ಡ ಮೆಷಿನ್ನಿಗೆ ಮೂರು ಕಾಸಿನ ಕ್ಲಿಪ್ಪಿನ ಪರೀಕ್ಷೆ! "ಮೆಷಿನ್ ಸುಳ್ಳು ಹೇಳಬಹುದು, ಕ್ಲಿಪ್ ಹೇಳಲ್ಲ ಕಣಮ್ಮ" ಅನ್ನೋರು ಮೇಷ್ಟ್ರು. ಅಕ್ಕನಿಗೆ ಅವರು ಅಂದ್ರೆ ಪ್ರಾಣ.

ಆ ಮೇಷ್ಟ್ರು ರಿಟೈರ್ ಆದ ಎರಡೇ ತಿಂಗಳಿಗೆ ಒಂದು ರಾತ್ರಿ ಮಲಗಿದೋರು ಏಳಲಿಲ್ಲ. ಅವರ ಕುರ್ಚಿ, ಅವರ ಬೀರು, ಅವರ ರಿಜಿಸ್ಟರು ಎಲ್ಲ ಅಕ್ಕನ ಪಾಲಿಗೆ ಬಂತು. ನಾಲ್ಕು ತಿಂಗಳಾದ ಮೇಲೆ ವರ್ಷದ ಪರೀಕ್ಷೆ ಬಂತು. ಅಕ್ಕ ಗರ್ಭಿಣಿಯರನ್ನ ನೋಡೋ ಪ್ರೋಬು ತಗೊಂಡು ಕ್ಲಿಪ್ ಆಡಿಸಿದಳು. ಸರಿಯಾಗಿ ನಡುವಲ್ಲಿ ಪರದೆ ಕಪ್ಪಾಯ್ತು. ಒಂದಲ್ಲ ಎರಡಲ್ಲ, ಒಂಬತ್ತು ಹರಳು ಸತ್ತಿದ್ವು. ಆ ಕಪ್ಪು ಪಟ್ಟಿಯ ಕೆಳಗೆ ಸಣ್ಣದೇನಾದರೂ ಇದ್ದರೆ ಡಾಕ್ಟರ ಕಣ್ಣಿಗೆ ಬೀಳೋದು ಕಷ್ಟ.

ರಿಜಿಸ್ಟರ್ ತೆಗೆದಳು. ಹಿಂದಿನ ಮೂರೂ ವರ್ಷದ ಸಾಲಲ್ಲಿ ಮೇಷ್ಟ್ರ ಹಸಿರು ಅಕ್ಷರ… "ಸರಿಯಿದೆ." ಕೆಳಗೆ ಸಹಿ. ಅಕ್ಕನಿಗೆ ಅನುಮಾನ ಬಂದು ಮೆಷಿನ್ನಲ್ಲಿದ್ದ ಹಳೇ ಚಿತ್ರ ಹುಡುಕಿದಳು. ಮೂರು ವರ್ಷದ ಹಿಂದಿನದರಲ್ಲೂ ಅದೇ ಜಾಗದಲ್ಲಿ ತೆಳ್ಳಗೆ ಕಪ್ಪು. ರಿಜಿಸ್ಟರಿನ ಆ ಪುಟದ ಫೋಟೋ ಫೋನಲ್ಲಿ ತೆಗೆದಳು. ಸಂಜೆ ಆರು ಗಂಟೆಗೆ. ಈ ಫೋಟೋ ನೆನಪಿಟ್ಟುಕೊಳ್ಳಿ.

ನೇರ ಮ್ಯಾನೇಜರ್ ಹತ್ತಿರ ಹೋದಳು. "ಮೂರು ವರ್ಷ ಇದರಲ್ಲಿ ನೋಡಿಸಿಕೊಂಡವರನ್ನ ವಾಪಸ್ ಕರೆಸಬೇಕು ಸರ್. ಹೆರಿಗೆ ಆಗದೇ ಇರೋರನ್ನಾದ್ರೂ ನಾಳೇನೇ ಕರೆಸಿ."

ಆತ ತಲೆ ಎತ್ತಲೇ ಇಲ್ಲ. "ನೀವೂ ಒಂದು ಸರಿಯಿದೆ ಅಂತ ಬರೆದುಬಿಡಿ. ಮೂರು ತಿಂಗಳಲ್ಲಿ ಹೊಸದು ತರಿಸೋಣ. ಹಳೇದು ಕೆದಕಿದ್ರೆ ಆಸ್ಪತ್ರೆ ಮಾನ ಹೋಗತ್ತೆ. ಸತ್ತೋರ ಮಾನಾನೂ ಹೋಗತ್ತೆ. ಬೇಕಾ ನಿಮಗೆ?"

"ನಾನು ಬರೆಯಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡಿ."

ಆ ಪ್ರೋಬು ಅಲ್ಲೇ ಬಿಟ್ಟರೆ ಬೆಳಗಾಗೋದರೊಳಗೆ ಮಾಯ ಆಗತ್ತೆ, ಸಾಕ್ಷಿಯೇ ಇರಲ್ಲ ಅಂತ ಅಕ್ಕನಿಗೆ ಖಾತ್ರಿ ಆಯ್ತು. ಎಲ್ಲರೂ ಹೋಗೋತನಕ ಕಾದಳು. ರಿಜಿಸ್ಟರನ್ನ ಬೀರುವಲ್ಲಿಟ್ಟು ಬೀಗ ಹಾಕಿ ಬೀಗದಕೈ ಪರ್ಸಿಗೆ ಹಾಕಿಕೊಂಡಳು. ಪ್ರೋಬಿನ ಲಾಕು ತಿರುಗಿಸಿದಳು. ಖಟ್. ಕಳಚಿ ಬಂತು.

ಗೇಟಲ್ಲಿ ವಾಚ್‌ಮನ್ ಎದ್ದು ನಿಂತ. "ಹೋದ ತಿಂಗಳು ನನ್ನ ಮಗಳಿಗೆ ನಿಮ್ಮ ಮೆಷಿನ್ನಲ್ಲೇ ನೋಡಿದ್ರು ಮೇಡಂ. ಮಗು ಚೆನ್ನಾಗಿದೆ, ಎಲ್ಲಾ ಸರಿಯಿದೆ ಅಂದ್ರು. ಈಗ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ."

ಅಕ್ಕ ತಲೆ ಆಡಿಸಿ ಬಂದುಬಿಟ್ಟಳು.

ಈಗ ಬಾವಿ ಹತ್ತಿರ ಬನ್ನಿ. ಚೀಲದೊಳಗೆ ಟಿಕ್… ಟಿಕ್… ಪ್ರೋಬಿಗೆ ಕರೆಂಟಿಲ್ಲ, ವೈರು ಸುತ್ತಿಟ್ಟಿದೆ. ಆದರೂ ಟಿಕ್. ಅಕ್ಕ ತಲೆ ಎತ್ತಿದಳು. ಬಾವಿಕಟ್ಟೆ ಮೇಲೆ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಅರ್ಧತೋಳಿನ ಷರಟು, ಜೇಬಲ್ಲಿ ಪೆನ್ನು, ಅದರ ಪಕ್ಕ ನೆಟ್ಟಗಿನ ಕ್ಲಿಪ್ಪು. ಮುಖದ ಮೇಲೆ ಬೀದಿದೀಪದ ಬೆಳಕು ಬಿದ್ದರೂ ಮುಖ ಕಾಣ್ತಿರಲಿಲ್ಲ. ಜೆಲ್ಲಿನ ವಾಸನೆ.

"ಬಂದ್ಯಾ?" ಪಿಸುಮಾತು.

ನಾನಾಗಿದ್ರೆ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ದೆ. ಅಕ್ಕನಿಗೂ ಭಯ ಆಗಿತ್ತಂತೆ, ಸುಳ್ಳು ಯಾಕೆ ಹೇಳಲಿ. ಆದರೆ ಓಡಲಿಲ್ಲ.

"ಇಲ್ಲಿ ಕೊಡು ಕಣಮ್ಮ… ಬಾವಿಗೆ ಹಾಕ್ಬಿಡ್ತೀನಿ. ಕಳುವಾಯ್ತು ಅನ್ನು. ಹೊಸದು ತರಿಸ್ತಾರೆ. ನಿನ್ನ ಕೆಲಸ ಉಳಿಯತ್ತೆ… ನನ್ನ ಹೆಸರೂ."

ಆಗ ಭಯ ಹೋಗಿ ಸಿಟ್ಟು ಬಂತು ಅವಳಿಗೆ. "ನಿಮಗೆ ಗೊತ್ತಿತ್ತಾ ಸರ್?"

ಕೆಳಗೆ ನೀರಲ್ಲಿ ಏನೋ ಗುಳುಕ್ ಅಂತು.

"ಗೊತ್ತಿತ್ತು."

"ಮತ್ತೆ ಹೇಗೆ ಸಹಿ ಹಾಕಿದ್ರಿ?"

"ಒಂದು ವರ್ಷ ಸುಮ್ಮನಿರಿ ಅಂದ್ರು ಮ್ಯಾನೇಜರ್. ಆಮೇಲೆ… ಹೋದ ವರ್ಷ ಸರಿ ಅಂದೋನು ಈ ವರ್ಷ ಹೇಗೆ ಇಲ್ಲ ಅನ್ನಲಿ?" ಕೈ ಮುಂದೆ ಬಂತು. ಬೆರಳು ಒದ್ದೆ. "ಕೊಡು."

"ಕೊಡಲ್ಲ."

"ನಿನಗೆ ಕೆಲಸ ಕಲಿಸಿದೋನು ಕಣಮ್ಮ ನಾನು."

"ಅದಕ್ಕೇ ಕೊಡಲ್ಲ. ಇದು ಬಾವಿಗೆ ಬಿದ್ರೆ ವಾಚ್‌ಮನ್ ಮಗಳನ್ನ ವಾಪಸ್ ಕರೆಯೋರು ಯಾರು? ನೀವು ಕರೀತೀರಾ? ಸತ್ತು ಹೋಗಿದ್ದೀರಿ ನೀವು!"

ನೋಡಿ, ದೆವ್ವದ ಎದುರು ನಿಂತು ಹೀಗೆ ಅಂದೋರನ್ನ ನೀವು ಎಲ್ಲಾದರೂ ಕಂಡಿದ್ದೀರಾ? ಅಷ್ಟಕ್ಕೇ ಬಿಡಲಿಲ್ಲ. ಕಟ್ಟೆಯ ಈ ಬದಿಗೆ ತಾನೂ ಕೂತಳು. ಟವೆಲ್ ಬಿಚ್ಚಿದಳು. ಪ್ರೋಬಿನ ಮೂತಿಯನ್ನ ಅವರ ಕಡೆ ತಿರುಗಿಸಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

"ಕ್ಲಿಪ್ ನಿಮ್ಮ ಹತ್ರ ಇದೆ ಅಲ್ವಾ? ಪರೀಕ್ಷೆ ಮಾಡಿ. ನೀವೇ ಮಾಡಿ. ನೀವೇ ಎಣಿಸಿ."

ಆಮೇಲೆ ಕತ್ತಲಲ್ಲಿ ಸಣ್ಣ ತಂತಿಯೊಂದು ಮಿಣಕ್ ಅಂತು. ಪ್ರೋಬಿನ ತುದಿಗೆ ತಾಗಿತು.

ಟಿಕ್. ಟಿಕ್. ಟಿಕ್. ಒಂದೊಂದು ಹರಳೂ ಓಗೊಡ್ತಾ ಬಂತು. ಅಕ್ಕನ ಅಂಗೈಗೆ ಒಂದೊಂದೂ ತಗಲ್ತಾ ಇತ್ತು. ನಡುವಿಗೆ ಬಂದಾಗ… ಸದ್ದಿಲ್ಲ. ತಂತಿ ಜರುಗ್ತಾ ಇದೆ, ಸದ್ದಿಲ್ಲ.

"ಒಂದು…" ಅಂತು ಪಿಸುಮಾತು. "ಎರಡು… ಮೂರು…" "ಎಂಟು… ಒಂಬತ್ತು."

ಆಮೇಲೆ ಮತ್ತೆ ಟಿಕ್, ಟಿಕ್, ಕೊನೇತನಕ.

"ಬರಿ," ಅಂದರು ಮೇಷ್ಟ್ರು. "ನನ್ನ ಹೆಸರು ಬಿಡಬೇಡ. ಹೆಸರು ಹಾಕೇ ಬರಿ."

"ಬರೀತೀನಿ ಸರ್." ಅಕ್ಕನ ಕಣ್ಣಲ್ಲಿ ನೀರು. ಟವೆಲ್ ಸುತ್ತೋಕೆ ತಲೆ ತಗ್ಗಿಸಿದಳು, ಎತ್ತಿದಾಗ ಕಟ್ಟೆ ಖಾಲಿ. ಮನೆ ಬಾಗಿಲತನಕ ಅತ್ತುಕೊಂಡೇ ಬಂದಳು. ಭಯಕ್ಕಲ್ಲ, ಅಷ್ಟು ಒಳ್ಳೇ ಮನುಷ್ಯ ಹೀಗೆ ಮಾಡಿದರಲ್ಲ ಅನ್ನೋ ಸಂಕಟಕ್ಕೆ.

ಬೆಳಿಗ್ಗೆ ಏಳಕ್ಕೆಲ್ಲ ಆಸ್ಪತ್ರೆಯಲ್ಲಿದ್ದಳು. ಕಂಡದ್ದನ್ನ ಕಂಡ ಹಾಗೆ ಬರೆದಳು, ಮೇಷ್ಟ್ರ ಹೆಸರು ಹಾಕಿಯೇ. ಪ್ರೋಬನ್ನೂ ಕಾಗದವನ್ನೂ ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟು, ಇನ್ನೊಂದು ಪ್ರತಿಯನ್ನ ಮೇಲಿನ ಇಲಾಖೆಗೆ ಕಳಿಸಿದಳು. ಮಧ್ಯಾಹ್ನದೊಳಗೆ ಮ್ಯಾನೇಜರ್ ಅವಳನ್ನ ಮನೆಗೆ ಕಳಿಸಿದ. ಕಳಿಸಲಿ. ಕಾಗದ ಆಗಲೇ ಕೈ ದಾಟಿತ್ತು. ವಾರದೊಳಗೆ ಒಬ್ಬೊಬ್ಬರನ್ನೇ ವಾಪಸ್ ಕರೆಸಿದರು. ವಾಚ್‌ಮನ್ ಮಗಳನ್ನ ಬೇರೆ ಮೆಷಿನ್ನಲ್ಲಿ ನೋಡಿದಾಗ ಮಗುವಿನ ಹೃದಯದಲ್ಲಿ ಒಂದು ಕವಾಟ ಸರಿ ಇರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ, ಮೂರನೇ ದಿನಕ್ಕೆ ಮಗುವಿಗೆ ಆಪರೇಷನ್. ಹಾಗೆ ಹುಟ್ಟಿದ ಹುಡುಗಿ ಈಗ ಎರಡನೇ ಕ್ಲಾಸು. ದಿನಾ ಕಾಂಪೌಂಡ್ ಹತ್ತಿ ಅಜ್ಜನ ಹತ್ತಿರ ಬೈಸಿಕೊಳ್ತಾಳೆ.

ಅಕ್ಕ ಮತ್ತೆ ಯಾರ ಕೈಕೆಳಗೂ ದುಡಿಯಲಿಲ್ಲ. ಈಗ ಹದಿನೆಂಟು ಆಸ್ಪತ್ರೆಗಳ ಮೆಷಿನ್ ಪರೀಕ್ಷೆ ಮಾಡ್ತಾಳೆ, ಜೇಬಲ್ಲಿ ಕ್ಲಿಪ್ ಇಟ್ಟುಕೊಂಡು. ಸಹಿಗೆ ಒತ್ತಾಯ ಮಾಡಿದರೆ ಚೀಲ ಎತ್ತಿಕೊಂಡು ಹೊರಟುಬಿಡ್ತಾಳೆ.

ಯಾರೋ ನಕ್ಕರು. ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಅಂತ ತಾನೆ? ಕೇಳಿ ಹಾಗಾದ್ರೆ. ಸಂಜೆ ಆರು ಗಂಟೆಯ ಫೋಟೋದಲ್ಲಿ ಮೂರು ಸಾಲು, ಮೂರು "ಸರಿಯಿದೆ", ಬೇರೇನೂ ಇಲ್ಲ. ಬೆಳಿಗ್ಗೆ ಬೀರುವಿನ ಬೀಗ ತೆಗೆದು ರಿಜಿಸ್ಟರ್ ನೋಡ್ತಾಳೆ, ಮೂರಕ್ಕೂ ಅಡ್ಡಗೆರೆ ಹೊಡೆದಿದೆ. ಪಕ್ಕದಲ್ಲಿ ಒಂದೊಂದು ಅಂಕಿ. ಮೂರು. ಐದು. ಎಂಟು. ಹಸಿರು ಮಸಿಯಲ್ಲಿ. ಯಾವ ವರ್ಷ ಎಷ್ಟು ಸತ್ತಿದ್ವು ಅಂತ ಕ್ಲಿಪ್ ಆಡಿಸಿದೋರಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತಿರತ್ತೆ? ಅಕ್ಕ ಬೆರಳಿಟ್ಟು ನೋಡಿದಳು. ಬೆರಳು ಹಸಿರಾಯ್ತು. ಕರ್ಚೀಫಿಗೆ ಒರೆಸಿಕೊಂಡಳು.

ಆ ಕರ್ಚೀಫು ನನ್ನ ಬೀರುವಲ್ಲಿದೆ. ನಡೆದದ್ದು ನಡೆದ ಹಾಗೇ ಹೇಳಿದ್ದೀನಿ, ನಂಬೋದು ಬಿಡೋದು ನಿಮಗೆ ಸೇರಿದ್ದು. ಬೆಳಗಾದ ಮೇಲೆ ಬನ್ನಿ, ತೋರಿಸ್ತೀನಿ. ಮುಟ್ಟೋದಾದರೆ ಹುಷಾರಾಗಿ ಮುಟ್ಟಿ. ಎಂಟು ವರ್ಷ ಆಯ್ತು… ಆ ಹಸಿರು ಈಗಲೂ ಬೆರಳಿಗೆ ಅಂಟತ್ತೆ.