ಬರಿ ತಗಡಿನ ಮೇಲೆ ಕೈ

ಕಿಟಕಿ ಹಾಕ್ಕೊಳ್ಳಿ. ಭಯಕ್ಕಲ್ಲ, ಸೊಳ್ಳೆ ಬರ್ತವೆ. ನಗೋರು ಈಗಲೇ ನಕ್ಕು ಮುಗಿಸಿ, ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತೆ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಅವನಿಗೆ ಮಾತ್ರ ಆದದ್ದು ಅಂತಲೇ ಇಷ್ಟು ದಿನ ಹೇಳ್ಕೊಂಡು ಬಂದಿದೀನಿ.

ಹದಿನೆಂಟು ವರ್ಷದ ಹಿಂದೆ. ರಾತ್ರಿ ಹತ್ತೂವರೆ. ಆ ಅಣ್ಣನ ಗಾಡಿ ರಿಪೇರಿ ಶೆಡ್ಡಿಗೆ ಊಟ ಕೊಟ್ಟು, ಮಧ್ಯಾಹ್ನದ ಖಾಲಿ ಡಬ್ಬಿ ಹಿಡ್ಕೊಂಡು ಒಬ್ಬಳೇ ಮನೆಗೆ ಬರ್ತಿದ್ದೆ. ದಾರಿಯಲ್ಲಿ ಒಂದು ಹಾಳುಬಾವಿ. ಯಾರೂ ಬೀಳದಿರಲಿ ಅಂತ ಅದರ ಬಾಯಿಗೆ ತಗಡು ಮುಚ್ಚಿದ್ರು. ತುಕ್ಕು ಹಿಡಿದು ಕೆಂಪಗಾದ ತಗಡು. ಬೀದಿ ದೀಪಗಳು ಬಾವಿಗಿಂತ ಮೊದಲೇ ಮುಗಿದುಹೋಗ್ತವೆ. ಅಲ್ಲಿಂದ ನಮ್ಮ ಮನೆಯ ತಿರುವಿನವರೆಗೂ ಬರೀ ಕತ್ತಲೆ. ಹೋಗೋವಾಗ ಅಲ್ಲಿ ಯಾವ ಸದ್ದೂ ಇರಲಿಲ್ಲ...

ಟಣ್.

ನಿಂತೆ.

ಟಣ್... ಟಣ್...

ಆಮೇಲೆ ಏನಿಲ್ಲ. ಹತ್ತು ಸಲ ಉಸಿರಾಡುವಷ್ಟು ಹೊತ್ತು ಏನಿಲ್ಲ. ಮತ್ತೆ ಶುರು. ಟಣ್... ಟಣ್... ಟಣ್.

ಬಾವಿಯ ತಗಡು. ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ. ಒಳಗಿಂದಲೇ ಬಡಿದ ಹಾಗೆ ನನಗೆ ಕೇಳಿಸ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡಿದೆ. ಡಬ್ಬಿಯ ಮುಚ್ಚಳ ಗಡಗಡ ಅಂತಿತ್ತು. ತಿರುಗಿ ನೋಡಲಿಲ್ಲ. ಮನೆಗೆ ಬಂದು ತಲೆ ತುಂಬ ಹೊದ್ದು ಮಲಗಿದೆ. ಯಾರಿಗೂ ಏನೂ ಹೇಳಲಿಲ್ಲ.

ಆಗ ನಾನು ಹೊಲಿಗೆ ಕಲಿಯೋಕೆ ಅಂತ ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಪ್ಪ ಟಿಂಕರ್. ಜಜ್ಜಿಹೋದ ಕಾರಿನ ಮೈಯನ್ನು ಬಡಿದು, ಎಬ್ಬಿಸಿ, ಮೊದಲಿನ ಹಾಗೆ ಮಾಡೋ ಕೆಲಸ. ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಉಳಿದರ್ಧ ತಗಡು ಕತ್ತರಿಸೋ ಮೆಷಿನ್ನು ತಿಂದಿತ್ತು. "ನಾಲ್ಕೂವರೆ ಬೆರಳಿಗೆ ಸರಿಯಾಗಿ ಗ್ಲೌಸ್ ಹೊಲಿದು ಕೊಟ್ಟರೆ ನೀನು ಟೈಲರ್ ಅಂತ ಒಪ್ತೀನಿ" ಅಂತ ನನ್ನನ್ನು ಕಾಡಿಸ್ತಿದ್ರು. ಹೊಲಿದು ಕೊಟ್ಟೆ. ಕೈಗೆ ಹಾಕಿ ಇಡೀ ಬೀದಿಗೆ ತೋರಿಸಿಕೊಂಡು ಬಂದ್ರು.

ಗ್ಲೌಸ್ ಯಾಕೆ ಅಂದರೆ, ತುಕ್ಕು ತೆಗೆದ ಬರಿ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಬೆವರು ಅದಕ್ಕೆ ತಾಗಿದರೆ ಮುಗೀತು. ಬೆಳಗಾಗೋದರೊಳಗೆ ಅದೇ ಜಾಗದಲ್ಲಿ ಹೊಸ ತುಕ್ಕು ಏಳುತ್ತೆ, ಬೆರಳು ಬೆರಳಾಗಿ. ದೊಡ್ಡಪ್ಪ ಮಗನಿಗೆ ಹೇಳಿಕೊಟ್ಟ ಮೊದಲನೇ ಪಾಠ ಅದು. ಎರಡನೇದು, ಪೆಟ್ಟು ಹೇಗೆ ಬಿತ್ತು ಅಂತ ಗಿರಾಕಿಯನ್ನ ಕೇಳಬೇಡ. ಎಷ್ಟು ಒಳಗೆ ಹೋಗಿದೆ ನೋಡು, ಎಬ್ಬಿಸು, ಕಳಿಸು. ಅಣ್ಣ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದ. ಅವನ ಕೆಲಸದ ನಯಕ್ಕೆ ಜನ ಅವನನ್ನು ಕನ್ನಡಿ ಅಂತಲೇ ಕರೀತಿದ್ರು.

ಇನ್ನೊಂದು ಹೇಳಬೇಕು. ಯಾವ ಕಾರು ಬಂದರೂ ದೊಡ್ಡಪ್ಪ ಮೊದಲು ಅದರ ಮೈಯೆಲ್ಲ ಗೆಣ್ಣಿನಿಂದ ಬಡಿದು ನೋಡ್ತಿದ್ರು. ಒಂದೊಂದು ಗೇಣಿಗೆ ಮೂರು ಸಲ. ತಗಡು ಗಟ್ಟಿಯಿದ್ದರೆ ಟಣ್. ಮೇಲೆ ಪುಟ್ಟಿ ಮೆತ್ತಿ ಮುಚ್ಚಿದ್ದರೆ ಡಬ್. ಒಳಗೆ ತುಕ್ಕು ತಿಂದಿದ್ದರೆ ಸರ್ರ್ ಅಂತ ಪುಡಿ ಉದುರೋ ಸದ್ದು.

ಒಂದೊಂದು ಗೇಣಿಗೆ ಮೂರು ಸಲ... ಇದು ನನಗೆ ಗೊತ್ತಿತ್ತು. ಆ ರಾತ್ರಿಯೂ ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೇ.

ನಾನು ಬರೀ ಊಟ ತಗೊಂಡು ಹೋಗಿರಲಿಲ್ಲ. ದೊಡ್ಡಮ್ಮ ಒಂದು ಮಾತೂ ಹೇಳಿ ಕಳಿಸಿದ್ರು. ದೊಡ್ಡಪ್ಪ ಒಂಬತ್ತಕ್ಕೆ ಶೆಡ್ಡು ಬಿಟ್ಟವರು ಹತ್ತಾದರೂ ಮನೆ ಸೇರಿರಲಿಲ್ಲ. ನಾನು ಹೋದಾಗ ಅಣ್ಣ ಒಂದು ಬಿಳಿ ಕಾರಿನ ಮುಂದೆ ಮಂಡಿಯೂರಿ ಕೂತಿದ್ದ. ಎಡಗಡೆ ಮಡ್‌ಗಾರ್ಡ್ ಒಳಗೆ ಹೋಗಿತ್ತು, ಲೈಟು ಒಡೆದಿತ್ತು. ಒಂಬತ್ತೂವರೆಗೆ ತಂದು ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಬೇಕು ಅಂದಿದ್ರಂತೆ.

"ಅಣ್ಣ, ದೊಡ್ಡಪ್ಪ ಇನ್ನೂ ಬಂದಿಲ್ಲ. ದೊಡ್ಡಮ್ಮ ಗಾಬರಿಯಾಗಿದಾರೆ."

"ಎಲ್ಲೋ ಹರಟೆ ಹೊಡೀತಾ ಕೂತಿರ್ತಾರೆ. ಕೆಲಸ ಮುಗಿಸಿ ನೋಡ್ತೀನಿ, ಹೋಗು."

ತಲೆ ಎತ್ತದೆ ಅಂದ. ನಾನು ಬಂದೆ. ಬಾವಿಯ ಹತ್ತಿರ ಬಂದೆ. ಓಡಿದೆ.

ಬೆಳಿಗ್ಗೆ ದೊಡ್ಡಪ್ಪ ಸಿಕ್ಕಿದ್ದು ಬಾವಿಯ ಕಟ್ಟೆಯ ಹಿಂದೆ. ಕಾರು ಹೊಡೆದ ರಭಸಕ್ಕೆ ಅಲ್ಲಿಗೆ ಹೋಗಿ ಬಿದ್ದಿದ್ರು. ಬಲಗೈ ಕಟ್ಟೆಯ ಮೇಲೆ, ತಗಡಿಗೆ ತಾಗಿಕೊಂಡು. ಅಂಗೈ ಕೆಂಪಗಿತ್ತು. ರಕ್ತ ಅಂದ್ಕೊಂಡ್ವಿ. ಒರೆಸಿದರೆ ತುಕ್ಕಿನ ಪುಡಿ. ಪ್ರಾಣ ಹೋದದ್ದು ನಾಲ್ಕರ ಸುಮಾರಿಗೆ ಅಂದ್ರು ಡಾಕ್ಟರು. ಪಕ್ಕೆಲುಬು ಮುರಿದು ಕೂಗೋಕೆ ಉಸಿರೇ ಇರಲಿಲ್ಲವಂತೆ. ಕೈ ಮಾತ್ರ ಆಡ್ತಿತ್ತಂತೆ.

ದೆವ್ವ ಅಂತ ನಾನು ಓಡಿದ್ದು ಬದುಕಿದ್ದ ಮನುಷ್ಯನನ್ನು ಬಿಟ್ಟು.

ಪೊಲೀಸರು ಶೆಡ್ಡಿಗೂ ಬಂದ್ರು. ರಾತ್ರಿ ಯಾವುದಾದರೂ ಪೆಟ್ಟಾದ ಗಾಡಿ ಬಂತಾ ಅಂತ ಕೇಳಿದ್ರು. "ಯಾವುದೂ ಬಂದಿಲ್ಲ" ಅಂದ ಅಣ್ಣ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನ ಸುಳ್ಳು ನನಗೆ ಗೊತ್ತಿತ್ತು, ನನ್ನದು ಅವನಿಗೆ ಗೊತ್ತಿರಲಿಲ್ಲ. ಹಾಗೇ ಹದಿನೆಂಟು ವರ್ಷ ಕಳೆದುಹೋಯ್ತು. ದೊಡ್ಡಮ್ಮನೂ ಹೋದ್ರು, ಗಂಡನನ್ನು ಹೊಡೆದದ್ದು ಯಾವ ಕಾರು ಅಂತ ಗೊತ್ತಾಗದೆ.

ಈ ವರ್ಷ ಗಡಿಯಾರ ರಿಪೇರಿಯವರೊಬ್ಬರು ಅಣ್ಣನ ಶೆಡ್ಡಿಗೆ ಒಂದು ಹಳೇ ಕಾರು ಎಳೆಸಿಕೊಂಡು ಬಂದ್ರು. ಯಾರದೋ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿದ್ದು, ಒಳಗೆ ಹುಲ್ಲು ಬೆಳೆದಿತ್ತು. ಹಸಿರು ಬಣ್ಣ. "ಎಷ್ಟು ದಿನ ಆದರೂ ಆಗಲಿ, ಹೊಸದರ ಹಾಗೆ ಮಾಡಿಕೊಡಿ" ಅಂದ್ರು ಪಾಪ. ಅವರಿಗೂ ಈ ಕತೆಗೂ ಸಂಬಂಧವಿಲ್ಲ.

ಅಣ್ಣ ಬಾಗಿಲು, ಗಾಜು, ಸೀಟು ಎಲ್ಲ ಕಳಚಿದ. ಬರೀ ಗೂಡು ಉಳೀತು. ಬಣ್ಣ ಕೆರೆದ. ಹಸಿರಿನ ಕೆಳಗೆ ಬಿಳಿ ಬಂತು. ಅಪ್ಪನ ಹಾಗೇ ಗೆಣ್ಣಿನಿಂದ ಬಡೀತಾ ಬಂದ. ಟಣ್, ಟಣ್, ಟಣ್. ಎಡಗಡೆ ಮಡ್‌ಗಾರ್ಡಿಗೆ ಬಂದಾಗ ಡಬ್ ಅಂತು. ಪುಟ್ಟಿ ಕೆರೆದು ತೆಗೆದ, ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಸಾಲಾಗಿ ಮೂರು ಸಣ್ಣ ತೂತು. ಒಳಗೆ ಹೋದ ತಗಡನ್ನು ಕೊಕ್ಕೆ ಹಾಕಿ ಎಳೆಯೋಕೆ ಕೊರೆದು, ಆಮೇಲೆ ಹಿತ್ತಾಳೆ ಕರಗಿಸಿ ಮುಚ್ಚಿದ್ದು. ನನ್ನ ಹೊಲಿಗೆಯನ್ನು ಸಾವಿರ ಹೊಲಿಗೆಯ ನಡುವೆಯೂ ನಾನು ಗುರುತು ಹಿಡೀತೀನಿ. ಹಾಗೇ ಅವನೂ ಹಿಡಿದ. ಆ ಹಿತ್ತಾಳೆ ಬೆಸುಗೆ ಅವನದೇ, ಆ ರಾತ್ರಿಯದೇ.

ಬೇಡ, ತಗೊಂಡು ಹೋಗಿ ಅನ್ನಬಹುದಿತ್ತು. ಅನ್ನಲಿಲ್ಲ. ಮತ್ತೆ ಮುಚ್ಚೋಣ ಅಂದ್ಕೊಂಡ, ಇನ್ನೇನು. ತಂತಿ ಬ್ರಷ್ ಹಾಕಿ ತುಕ್ಕು ತೆಗೆದ, ಉಪ್ಪುಕಾಗದ ಹಾಕಿ ಉಜ್ಜಿದ. ತಗಡು ಬೆಳ್ಳಗೆ ಬಂತು. ಗ್ಲೌಸ್ ಹಾಕ್ಕೊಂಡೇ ಥಿನ್ನರಿನಲ್ಲಿ ಒರೆಸಿದ. ಬೀಗ ಹಾಕಿ ಮನೆಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ಮಡ್‌ಗಾರ್ಡಿನ ಮೇಲೆ ಒಂದು ಕೈ. ತುಕ್ಕಿನ ಕೈ. ಅಂಗೈ, ಹೆಬ್ಬೆರಳು, ಬೆರಳುಗಳು... ಉಂಗುರದ ಬೆರಳು ಅರ್ಧ.

ಉಜ್ಜಿ ತೆಗೆದ. ಮಾರನೇ ದಿನ ಮತ್ತೆ ಇತ್ತು. ಉಜ್ಜಿದ ಸಂಜೆಯೇ ಪ್ರೈಮರ್ ಹೊಡೆದ, ತುಕ್ಕು ಏಳದ ಹಾಗೆ. ಬೆಳಿಗ್ಗೆ ಆ ಕೈಯಷ್ಟು ಜಾಗದಲ್ಲಿ ಪ್ರೈಮರ್ ಸಿಪ್ಪೆಯಾಗಿ ಎದ್ದಿತ್ತು, ಕೆಳಗೆ ಮತ್ತೆ ಕೆಂಪು. ಹತ್ತು ದಿನ ಹೀಗೇ. ಹನ್ನೊಂದನೇ ದಿನ ಸಂಜೆ ನನ್ನ ಅಂಗಡಿಗೆ ಬಂದ. ಕಣ್ಣು ಗುಳಿ ಬಿದ್ದಿದ್ದವು.

"ಇವತ್ತು ರಾತ್ರಿ ನನ್ನ ಜೊತೆ ಬರ್ತೀಯಾ?" ಅಂದ, ಗಿರಾಕಿಗಳಿಗೆ ಕೇಳಿಸದ ಹಾಗೆ.

"ಯಾಕೆ?"

"ನನಗೊಬ್ಬನಿಗೇ ಕೇಳಿಸ್ತಿದೆಯಾ ಅಂತ ನೋಡಬೇಕು."

ಹೋದೆ. ಶೆಡ್ಡಿನ ಶಟರ್ ಒಳಗಿಂದ ಎಳೆದ. ಒಂದೇ ಬಲ್ಬು. ನಡುವೆ ಮರದ ದಿಮ್ಮಿಗಳ ಮೇಲೆ ಕಾರಿನ ಗೂಡು, ಕಣ್ಣಿಲ್ಲ, ಬಾಗಿಲಿಲ್ಲ. ನಾವಿಬ್ಬರೂ ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ ಕೂತ್ವಿ. ನೆಲದಲ್ಲೆಲ್ಲ ಕೆಂಪು ಪುಡಿ. ಅಣ್ಣ ಪಿಸುಗುಟ್ಟಿದ.

"ಅವತ್ತು ಲೈಟಿನ ಅಂಚಿಗೆ ಒಂದು ಚೂರು ಬಟ್ಟೆ ಸಿಕ್ಕೊಂಡಿತ್ತು. ನೀಲಿ ಗೀಟಿಂದು. ಮನುಷ್ಯನಿಗೇ ಹೊಡೆದಿದೆ ಅಂತ ಗೊತ್ತಾಯ್ತು. ಯಾರೋ ಅಂದ್ಕೊಂಡೆ. ಕಿತ್ತು ಬಿಸಾಕಿ ಕೆಲಸ ಶುರು ಮಾಡಿದೆ. ಬೆಳಿಗ್ಗೆ ಅಪ್ಪನ ಅಂಗಿ ನೋಡಿದೆ, ಆಮೇಲೆ ಯಾವ ಬಾಯಲ್ಲಿ ಹೇಳಲಿ?"

ದೊಡ್ಡಪ್ಪನ ಆ ನೀಲಿ ಗೀಟಿನ ಅಂಗಿ ಹೊಲಿದವಳು ನಾನು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಕೈಗೆ ಸಿಕ್ಕ ಸುತ್ತಿಗೆ ತಗೊಂಡು ಎಸೆಯೋಣ ಅನ್ನಿಸ್ತು. ಯಾರೋ ಆಗಿದ್ದರೆ ಪರವಾಗಿಲ್ಲವಾ? ಕೇಳೋಕೆ ನನಗೆ ಯಾವ ಮುಖ?

ಟಣ್.

ಅಣ್ಣ ನನ್ನ ಮೊಣಕೈ ಹಿಡ್ಕೊಂಡ.

ಟಣ್... ಟಣ್...

ಕಾರಿನ ಹಿಂದೆ, ಡಿಕ್ಕಿಯ ಕಡೆಯಿಂದ. ಒಂದು ಗೇಣು ಬಿಟ್ಟು ಮತ್ತೆ ಮೂರು. ಮೇಲ್ಛಾವಣಿ. ಬಾಗಿಲಿಲ್ಲದ ಕಂಬ. ಬಲ್ಬಿನ ಬೆಳಕಲ್ಲಿ ಎಲ್ಲ ಕಾಣ್ತಿತ್ತು, ಬಡಿಯೋ ಕೈ ಮಾತ್ರ ಕಾಣ್ತಿರಲಿಲ್ಲ. ಅವಸರವೇ ಇಲ್ಲದೆ ಬಂತು. ಎಡಗಡೆ ಮಡ್‌ಗಾರ್ಡಿಗೆ ಬಂತು.

ಡಬ್.

ಅಲ್ಲಿ ಒಂದು ಚೂರೂ ಪುಟ್ಟಿ ಇರಲಿಲ್ಲ. ಬರಿ ತಗಡು, ನನ್ನ ಕಣ್ಣೆದುರಿಗೆ ಬೆಳ್ಳಗಿತ್ತು. ಆದರೂ ಡಬ್ ಅಂತು. ಆಮೇಲೆ ಮಾತು ಬಂತು. ಉಸಿರಿಲ್ಲದವರು ಆಡೋ ಮಾತು.

"ಮಗಾ... ಕೆಲಸ ಮುಗೀತಾ?"

ಸಿಟ್ಟಿನ ದನಿಯಲ್ಲ. ಸಿಟ್ಟಿದ್ದಿದ್ದರೆ ತಡ್ಕೊಳ್ಳಬಹುದಿತ್ತು. ಸ್ವಲ್ಪ ಇರಿ ಅಂದಿದ್ದಕ್ಕೆ ಕಾದು ಕೂತವರು ಕೇಳೋ ಹಾಗಿತ್ತು. ಅಣ್ಣ ಮಗುವಿನ ಹಾಗೆ ಅತ್ತ.

"ಇಲ್ಲಪ್ಪ," ಅಂದ. "ಇನ್ನೂ ಇಲ್ಲ."

ಸದ್ದು ನಿಂತಿತು. ಮುಗೀತು ಅಂದ್ಕೊಂಡೆ. ಆಗ ನಾನು ಕೂತಿದ್ದ ಡಬ್ಬ ಅದುರಿತು. ನನ್ನ ಕೆಳಗೇ, ಒಳಗಿಂದ. ಟಣ್... ಟಣ್... ಟಣ್. ಹತ್ತು ಉಸಿರಿನಷ್ಟು ಬಿಟ್ಟು ಮತ್ತೆ ಟಣ್... ಟಣ್... ಟಣ್. ಅದೇ ಸದ್ದು. ಅದೇ ಬಿಡುವು. ಹಾರಿ ಎದ್ದೆ.

ಅಣ್ಣ ಕಣ್ಣೊರೆಸಿಕೊಂಡು ನನ್ನನ್ನೇ ನೋಡ್ತಿದ್ದ.

"ನಿನ್ನ ಹತ್ರ ಯಾಕೆ ಬಡೀತಿದಾರೆ?"

ಈಗ ಹೇಳು ಅಂತ ಒಳಗೆ ಏನೋ ಒದ್ದಾಡ್ತು. ಒಂದೇ ಒಂದು ಮಾತು. ಅವತ್ತು ನನಗೆ ಕೇಳಿಸಿತ್ತು ಅಣ್ಣ, ಅಂದಿದ್ದರೆ ಸಾಕಿತ್ತು.

"ನನಗೇನು ಗೊತ್ತು," ಅಂದೆ.

ಮಾರನೇ ದಿನ ಬೆಳಿಗ್ಗೆ ಅಣ್ಣ ಠಾಣೆಗೆ ಹೋಗಿ, ಬಟ್ಟೆ ಚೂರಿನಿಂದ ಹಿಡಿದು ಎಲ್ಲ ಹೇಳಿದ. ಅಲ್ಲಿದ್ದವರು ಅವನನ್ನೇ ಮೇಲಿಂದ ಕೆಳಗೆ ನೋಡಿದ್ರಂತೆ. ಬರ್ಕೊಂಡ್ರು. ವಿಚಾರಿಸಿದ್ರು. ಆ ಬಿಳಿ ಕಾರಿನವನು ಸತ್ತು ಏಳು ವರ್ಷವಾಗಿತ್ತು, ನೆಮ್ಮದಿಯಾಗಿ, ನಿದ್ದೆಯಲ್ಲಿ. ಹದಿನೆಂಟು ವರ್ಷ ಬಾಯಿ ಮುಚ್ಚಿದ್ದಕ್ಕೆ ಅಣ್ಣನಿಗೆ ಸಿಕ್ಕ ಶಿಕ್ಷೆ ಅಂದರೆ ಇನ್ಸ್‌ಪೆಕ್ಟರ್ ಹೇಳಿದ ಒಂದು ಮಾತು, "ಈಗ ಹೇಳಿ ಏನುಪಯೋಗ?"

ಶೆಡ್ಡಿಗೆ ವಾಪಸು ಬಂದು ನೋಡಿದ. ಮಡ್‌ಗಾರ್ಡ್ ಶುಭ್ರವಾಗಿತ್ತು. ಕೈ ಇರಲಿಲ್ಲ. ಗೆಣ್ಣಿನಿಂದ ಬಡಿದ, ಟಣ್ ಅಂತು. ಪ್ರೈಮರ್ ಹಿಡೀತು, ಬಣ್ಣ ಕೂತಿತು. ಗಡಿಯಾರದವರು ಕಾರು ತಗೊಂಡು ಹೋದ್ರು. ಅದರ ಮೈಯಲ್ಲಿ ಮುಖ ನೋಡ್ಕೊಂಡು ತಲೆ ಬಾಚಬಹುದು, ಅಷ್ಟು ಚೆನ್ನಾಗಿದೆ.

ಈಗ ಅಣ್ಣ ಭಾನುವಾರ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರ್ತಾನೆ. ನಿದ್ದೆ ಚೆನ್ನಾಗಿ ಬರುತ್ತಂತೆ. ಕೈ ತೊಳ್ಕೊಳ್ಳೋವಾಗ ಪ್ರತಿ ಸಲವೂ ಅದೇ ಮಾತು. "ಅವತ್ತು ಅಪ್ಪನ ಬಗ್ಗೆ ಯೋಚನೆ ಮಾಡಿದ್ದು ನೀನೊಬ್ಬಳೇ. ಅಷ್ಟು ಕತ್ತಲಲ್ಲಿ ಬಂದು ಹೇಳಿದೆ. ನಾನೇ ಪಾಪಿ." ನಾನು ಟವಲ್ ಕೊಡ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ.

ನಿಮಗೆ ಹೇಳಿದೀನಿ ನೋಡಿ, ಎಷ್ಟು ಸಲೀಸಾಗಿ. ನೀವು ಯಾರೂ ಅವನಲ್ಲವಲ್ಲ.

ನಂಬದಿದ್ದರೆ ಬಿಡಿ. ನನ್ನ ಹೊಲಿಗೆ ಮೆಷಿನ್ ಪಕ್ಕದ ಕೋಣೆಯಲ್ಲಿದೆ. ಸೂಜಿಯ ಕೆಳಗೆ, ಬಟ್ಟೆ ಜಾರೋ ಜಾಗದಲ್ಲಿ ಅಗಲವಾದ ಉಕ್ಕಿನ ತಟ್ಟೆ ಇದೆಯಲ್ಲ, ಅದನ್ನು ದಿನಾ ರಾತ್ರಿ ಉಜ್ಜಿ, ಎಣ್ಣೆ ಒರೆಸಿ, ಬಟ್ಟೆ ಹೊದಿಸಿ ಮಲಗ್ತೀನಿ. ಬೆಳಿಗ್ಗೆ ತೆಗೆದರೆ ಕೆಂಪಗೆ ಎದ್ದಿರುತ್ತೆ. ಒಂದು ದಿನ ಟೇಪ್ ಇಟ್ಟು ಅಳೆದೆ. ಉಂಗುರದ ಬೆರಳು ಒಂದೂಕಾಲು ಇಂಚು. ಆ ಗ್ಲೌಸಿಗೆ ನಾನು ಹೊಲಿದಿದ್ದೂ ಅಷ್ಟೇ. ಅಳತೆಯಲ್ಲಿ ನಾನು ಯಾವತ್ತೂ ತಪ್ಪಿದವಳಲ್ಲ.