ತಂಗಿಯ ರಾಶಿ

ಚೀಲದ ಬಾಯಿಯನ್ನು ತಾನೇ ಹೊಲಿಯುತ್ತ ಕೂತ ಶ್ರೀಮಂತನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಂಥವನೊಬ್ಬ ಇದ್ದ. ಕೊಟ್ರಪ್ಪ ಅಂತ ಹೆಸರು. ದಲ್ಲಾಳಿ ಅಂಗಡಿಯಲ್ಲಿ ಹಮಾಲರಿದ್ದರು, ಗುಮಾಸ್ತರಿದ್ದರು. ಆದರೂ ದೂರದ ಊರಿಗೆ ಹೋಗುವ ಚೀಲವೆಂದರೆ ದಬ್ಬಣ ಅವನ ಕೈಗೇ ಬರಬೇಕು. ಬೇರೆಯವರ ಹೊಲಿಗೆಯ ಮೇಲೆ ಅವನಿಗೆ ನಂಬಿಕೆ ಇಲ್ಲ. ಅವತ್ತೂ ಹಾಗೆಯೇ, ದೀಪಾವಳಿ ಮುಗಿದ ವಾರ, ಎರಡು ಚೀಲ ಹೊಲಿದು ಮೂರನೆಯದಕ್ಕೆ ಸುತಲಿ ಪೋಣಿಸುತ್ತಿದ್ದಾಗ ಹುಬ್ಬಳ್ಳಿಯಿಂದ ಶೇರು ಆಫೀಸಿನ ಜಿನೇಂದ್ರ ಬಂದ.

ಈ ಜಿನೇಂದ್ರ ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತಿದ್ದ. ಯಾಕೆ? ಕೊಟ್ರಪ್ಪನ ಶೇರುಗಳನ್ನೆಲ್ಲ ಮಾರಿಸುವುದಕ್ಕೆ.

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ತಾಯಂದಿರೇ, ಮೆಣಸಿನಕಾಯಿಯ ಗುಣ ನಿಮಗೆ ಹೇಳಿಕೊಡಬೇಕಾಗಿಲ್ಲ. ಹೊಸದಾಗಿ ಬಂದಾಗ ಕೆಂಪಗೆ ಹೊಳೆಯುತ್ತದೆ. ವರ್ಷ ಇಟ್ಟರೆ ಬಣ್ಣ ಇಳಿಯುತ್ತದೆ, ತೂಕ ಇಳಿಯುತ್ತದೆ, ಇನ್ನೂ ಇಟ್ಟರೆ ಹುಳ ಬೀಳುತ್ತದೆ. ಆದ್ದರಿಂದ ಹೊಸ ಬೆಳೆ ಪೇಟೆಗೆ ಬರುವುದರೊಳಗೆ ಹಳೆಯ ಮಾಲನ್ನು ಖಾಲಿ ಮಾಡಬೇಕು. ಇದು ಆ ಪೇಟೆಯ ಬುದ್ಧಿ. ಸರಿಯಾದ ಬುದ್ಧಿಯೇ. ಆ ಬುದ್ಧಿಯಿಂದಲೇ ಕೊಟ್ರಪ್ಪ ಮನೆ ಕಟ್ಟಿದ, ಲಾರಿ ಕೊಂಡ. ಆದರೆ ಅವನು ಆ ಬುದ್ಧಿಯನ್ನು ಮೆಣಸಿನಕಾಯಿಯ ಹತ್ತಿರವೇ ಬಿಟ್ಟು ಬರಲಿಲ್ಲ. ಶೇರಿಗೂ ತಂದ. ವರ್ಷ ತುಂಬಿದ ಶೇರು ಹಳೇ ಮಾಲು. ದೀಪಾವಳಿ ಮುಗಿದದ್ದೇ ಎಲ್ಲವನ್ನೂ ಮಾರಿ, ಯಾವುದರ ಹೆಸರು ಪೇಟೆಯಲ್ಲಿ ಓಡಾಡುತ್ತದೆಯೋ ಅದನ್ನು ಹೊಸದಾಗಿ ಕೊಳ್ಳುತ್ತಿದ್ದ.

“ಈ ವರ್ಷಾನೂ ಎಲ್ಲಾ ಖಾಲಿ ಮಾಡೋದೇನ್ರಿ ಸಾವುಕಾರ್ರ?” ಅಂದ ಜಿನೇಂದ್ರ.

“ಮಾಡೋದ. ಹೊಸಾ ಮಾಲು ಬರೋದ್ರೊಳಗ ಹಳೇದು ಅಂಗಡ್ಯಾಗ ಇರಬಾರ್ದು.”

“ಶೇರಿಗೆ ಹುಳಾ ಹತ್ತೂದಿಲ್ರಿ.”

“ನಿನಗೇನ್ ಗೊತ್ತೋ ತಮ್ಮಾ? ಪ್ಯಾಟಿ ಅಂದ್ರ ಎಲ್ಲಾ ಪ್ಯಾಟಿನೂ ಒಂದ.”

“ಹಂಗಂತೀರಿ? ಮಾರ್ರಿ ಬಿಡ್ರಿ, ನನ್ನ ಗಂಟೇನ್ ಹೋಗ್ತೈತಿ. ನೀವು ಮಾರಿದ್ರೂ ನಮಗ ಕಮಿಷನ್, ಕೊಂಡ್ರೂ ಕಮಿಷನ್. ನಿಮ್ಮಂಥಾ ಗಿರಾಕಿ ಇರೋದಕ್ಕ ನಮ್ಮ ಆಫೀಸಿಗೆ ಏಸಿ ಕೂಡ್ಸ್ಯಾರ.”

ಕೊಟ್ರಪ್ಪ ನಕ್ಕ. ಜಿನೇಂದ್ರನೂ ನಕ್ಕು, ಮೊಬೈಲು ತೆಗೆದು ಅವನ ಮುಂದೆ ಹಿಡಿದ. “ಒಮ್ಮೆ ಇದನ್ನ ನೋಡ್ರಿ. ಈ ಕಡೆ ನಿಮ್ಮದು. ಈ ಕಡೆ ತಂಗ್ಯಾರಿಗಂತ ತೆಗೆದಿಟ್ಟದ್ದು.”

ತಂಗಿಯದೇನು ಅಂತ ಕೇಳುತ್ತೀರಿ. ಹೇಳುತ್ತೇನೆ. ಕೊಟ್ರಪ್ಪನ ಅಪ್ಪ ನಾಲ್ಕು ಕಂಪನಿಯ ಶೇರು ಕೊಂಡಿಟ್ಟು ತೀರಿಕೊಂಡಿದ್ದ. ಬಣ್ಣದ ಕಂಪನಿ, ಔಷಧದ ಕಂಪನಿ, ಒಂದು ಬ್ಯಾಂಕು, ಒಂದು ಬಟ್ಟೆ ಮಿಲ್ಲು. ಸುಮ್ಮನೆ ಕೊಂಡವನಲ್ಲ ಆ ಮುದುಕ. ಹಬ್ಬದಲ್ಲಿ ಯಾವ ಬಣ್ಣದ ಡಬ್ಬಿ ಹೆಚ್ಚು ಹೋಗುತ್ತದೆ ಅಂತ ಬಣ್ಣದ ಅಂಗಡಿಯ ಕಟ್ಟೆಯ ಮೇಲೆ ಕೂತು ವಿಚಾರಿಸುತ್ತಿದ್ದ. ಜನ ಯಾವ ಗುಳಿಗೆಯನ್ನು ಹೆಸರು ಹಿಡಿದು ಕೇಳುತ್ತಾರೆ ಅಂತ ಔಷಧದ ಅಂಗಡಿಯಲ್ಲಿ ಕೇಳುತ್ತಿದ್ದ. ತನಗೆ ತಿಳಿಯದ ಧಂದೆಗೆ ಕೈ ಹಾಕುತ್ತಿರಲಿಲ್ಲ, ಸಾಲದ ದುಡ್ಡು ಹಾಕುತ್ತಿರಲಿಲ್ಲ. ಸಾಯುವ ಮುಂದೆ ಮಗನನ್ನು ಕರೆದು, “ಇದರಾಗ ಅರ್ಧಾ ನಿಂದು, ಅರ್ಧಾ ಚೆನ್ನವ್ವಂದು” ಅಂದಿದ್ದ. ಕಾಗದದಲ್ಲಿ ಮಾತ್ರ ಮಗನ ಹೆಸರೊಂದೇ ಇತ್ತು. ಹಾಗಾಗಿ ಎಲ್ಲವೂ ಕೊಟ್ರಪ್ಪನ ಖಾತೆಗೇ ಬಂತು.

ಕೊಟ್ರಪ್ಪ ಕೆಟ್ಟವನಲ್ಲ. ನಾಲ್ಕೂ ಕಂಪನಿಯ ಶೇರನ್ನು ಸರಿಯಾಗಿ ಎರಡು ಪಾಲು ಮಾಡಿದ. ತನ್ನ ಪಾಲನ್ನು ಮಾರುತ್ತ ಕೊಳ್ಳುತ್ತ ಹೋದ. ತಂಗಿಯ ಪಾಲನ್ನು ಮುಟ್ಟಲಿಲ್ಲ. ಅದನ್ನು ಅವಳ ಖಾತೆಗೆ ವರ್ಗ ಮಾಡಿ ಅಂತ ಆಫೀಸಿಗೆ ಒಂದು ಪತ್ರ ಕಳಿಸಬೇಕಿತ್ತು, ಅಷ್ಟೇ. ಜಿನೇಂದ್ರ ಆ ಪತ್ರವನ್ನು ಆಗಲೇ ಬರೆದು ತಂದು ಕೊಟ್ಟಿದ್ದ. ಒಂದು ಸಹಿ ಬೇಕಿತ್ತು. ರೇಟು ಇಳಿದಾಗ ಕೊಟ್ರಪ್ಪ ಅಂದ, ‘ಬಿದ್ದ ರೇಟಿನ್ಯಾಗ ತಂಗಿಗೆ ಹೆಂಗ ಕೊಡೋದು?’ ರೇಟು ಏರಿದಾಗ ಅಂದ, ‘ಇನ್ನೂ ಏರ್ತೈತಿ, ತಡಿ.’ ಹೀಗೆ ಎಂಟು ನಾಗರಪಂಚಮಿ ಹೋದವು. ಮೊದಲ ಐದು ಪಂಚಮಿಗೆ ಚೆನ್ನವ್ವ ಗದಗಿನಿಂದ ತವರಿಗೆ ಬಂದಳು, ಉಂಡಿ ತಿಂದಳು, ಜೋಕಾಲಿ ಆಡಿದಳು. ಐದನೆಯ ಸಲ ಹೊರಡುವಾಗ ಮೆಲ್ಲಗೆ, “ಅಣ್ಣಾ, ಅಪ್ಪಂದು ಆ ಶೇರು...” ಅಂದಳು. “ರೇಟಿಲ್ಲವ್ವಾ ಈಗ” ಅಂದ ಇವನು. ಆಮೇಲೆ ಅವಳು ಪಂಚಮಿಗೆ ಬರಲಿಲ್ಲ. ತಾನು ನಡೆಸುವ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ಪರೀಕ್ಷೆ ಐತಿ ಅಂತ ಹೇಳಿ ಕಳಿಸುತ್ತಿದ್ದಳು. ಪಂಚಮಿಯ ದಿನ ಯಾರು ಹೊಲಿಗೆ ಪರೀಕ್ಷೆ ಇಡುತ್ತಾರೆ, ಹೇಳಿ?

ಈಗ ಮೊಬೈಲು ನೋಡಿದ ಕೊಟ್ರಪ್ಪನ ಕೈಯಲ್ಲಿ ದಬ್ಬಣ ನಿಂತಿತು. ಒಂದೇ ಅಳತೆಯಲ್ಲಿ ಹೊರಟ ಎರಡು ಪಾಲು. ತಂಗಿಯದು ಅವನದರ ಐದು ಪಟ್ಟು ಆಗಿತ್ತು.

“ಇದನ್ನ ಯಾರು ನೋಡಿಕೊಂಡ್ರೋ?”

“ಯಾರೂ ನೋಡಿಕೊಳ್ಳಲಿಲ್ರಿ. ಅದಕ್ಕ ಬೆಳೀತು.” ಜಿನೇಂದ್ರ ಬೆರಳಿಟ್ಟು ತೋರಿಸಿದ. “ಬಟ್ಟಿ ಮಿಲ್ಲು ಮುಚ್ಚಿ ಹೋತು, ಅದು ಸೊನ್ನೆ. ಬ್ಯಾಂಕು ಇದ್ದಲ್ಲೇ ಐತಿ. ಔಷಧದ್ದು ಚಲೋ ಬಂತು. ಈ ಬಣ್ಣದ್ದು ಐತೆಲ್ಲಾ, ಇದೊಂದ ಮಿಲ್ಲಿನ ನಷ್ಟಾ ತುಂಬಿ ಮ್ಯಾಲೆ ಉಕ್ಕೈತಿ. ದೊಡ್ಡ ಹೆಸರು ಮಾಡಿದ ಹೂಡಿಕೆದಾರರೂ ಹಿಂಗ ಮಾಡ್ತಾರ್ರಿ. ತಿಳಿಯೋ ಧಂದೆ ನಾಕೈದು ಆರಿಸ್ತಾರ, ಒಂದರಾಗ ಪೂರಾ ಸುರಿಯಂಗಿಲ್ಲ, ಆಮ್ಯಾಲೆ ವರ್ಷಗಟ್ಟಲೆ ಸುಮ್ಮನ ಕೂಡ್ತಾರ. ಯಾವುದು ಉಕ್ಕತೈತಿ ಅಂತ ಅವರಿಗೂ ಮೊದಲ ಗೊತ್ತಿರಂಗಿಲ್ಲ. ಕಂಪನಿ ಕೆಟ್ರ ಬಿಡ್ತಾರ. ವರ್ಷ ತುಂಬೇತಿ ಅಂತ ಬಿಡಂಗಿಲ್ಲ.”

“ಬಣ್ಣದ್ದು ನಾನೂ ಇಟ್ಟಿದ್ನೆಲ್ಲೋ!”

“ಇಟ್ಟಿದ್ರಿ. ಮೊದಲನೇ ದೀಪಾವಳಿಗೆ ಮಾರಿದ್ರಿ.”

ಕೊಟ್ರಪ್ಪ ಆ ವರ್ಷದ ಮಾರಾಟವನ್ನು ನಿಲ್ಲಿಸಿ ಜಿನೇಂದ್ರನನ್ನು ಬಸ್ಸಿಗೆ ಕಳಿಸಿದ. ಮನೆಗೆ ಬಂದು ಊಟಕ್ಕೆ ಕೂತ. ರೊಟ್ಟಿ ಮುರಿದ, ತಿನ್ನಲಿಲ್ಲ. ಎದುರಿಗೆ ಕೂತ ಹೆಂಡತಿ ಪಾರವ್ವನಿಗೆ ಎಲ್ಲವನ್ನೂ ಹೇಳಿದ. ಹೇಳಿ, ಹೀಗೆಂದ: “ಒಂದು ವಿಚಾರ ಮಾಡೇನಿ. ಇಬ್ರೂ ಒಂದ ತಾಯಿ ಮಕ್ಕಳು. ಹೋದದ್ದು ಇಬ್ಬರದೂ ಹೋತು, ಉಳಿದದ್ದು ಇಬ್ಬರದೂ ಉಳೀತು ಅನ್ನೋಣು. ಉಳಿದದ್ದರಾಗ ಅರ್ಧಾ ನಂದು, ಅರ್ಧಾ ಆಕಿದು. ನ್ಯಾಯ ಐತಿಲ್ಲೋ?”

ಕೇಳಿದಿರಾ? ಎಷ್ಟು ಮೆತ್ತಗಿನ ಮಾತು! ಇದರಲ್ಲಿ ಕಳ್ಳತನ ಕಾಣುತ್ತದೆಯೇ? ಕಾಗದದಲ್ಲಿ ಯಾವ ಪಾಲು ಯಾರದು ಅಂತ ಬರೆದಿಲ್ಲ. ಕೇಳುವವರಿಲ್ಲ. ತಂಗಿಗೆ ಲೆಕ್ಕ ಗೊತ್ತಿಲ್ಲ. ಅರ್ಧ ಕೊಟ್ಟರೂ ಅಣ್ಣ ದೊಡ್ಡವನು ಅನ್ನುತ್ತಾಳೆ.

ಪಾರವ್ವ ಪಲ್ಯ ಬಡಿಸುತ್ತ ಕೇಳಿದಳು, “ಅಲ್ರಿ, ನಿಮ್ಮ ಪಾಲು ಐದು ಪಟ್ಟು ಆಗಿ, ಆಕಿದು ಇದ್ದಂಗ ಇದ್ದಿದ್ರ? ನಿಮ್ಮದರಾಗ ಅರ್ಧಾ ಕೊಡ್ತಿದ್ರೇನು?”

“ಕೊಡ್ತಿದ್ದೆ.”

“ಹೌದ? ನನ್ನ ಮುಖಾ ನೋಡಿ ಹೇಳ್ರಿ.”

ಅವನು ರೊಟ್ಟಿಯನ್ನು ನೋಡಿದ.

“ಪ್ಯಾಟ್ಯಾಗ ರೈತರು ತಮ್ಮ ತಮ್ಮ ರಾಶಿ ಹಾಕಿ ಕುಂತಿರ್ತಾರ” ಅಂದಳು ಪಾರವ್ವ. “ಒಬ್ಬನ ರಾಶಿಗೆ ಟೆಂಡರ್‌ನ್ಯಾಗ ರೇಟು ಕಮ್ಮಿ ಬೀಳ್ತೈತಿ. ಆವಾಗ ಬಾಜೂ ರಾಶಿಯಿಂದ ನಾಕು ಚೀಲ ತಂದು ಇವಂಗ ಸುರೀತೀರೇನು?”

“ಏ, ಏನಂತೀ! ನಮ್ಮ ಅಂಗಡ್ಯಾಗ ಒಂದು ಕಾಯಿ ಆಕಡೀದು ಈಕಡೆ ಹೋಗಿಲ್ಲ.”

“ಮತ್ತ ಚೆನ್ನವ್ವನ ರಾಶಿ ಯಾಕ ಕೆದರ್ತೀರಿ?”

ಅವನು ತಾಟು ಸರಿಸಿ ಎದ್ದ. “ನೀ ಯಾರ ಮನೀಗೆ ಬಂದಾಕಿ? ನನ್ನ ಮನೀಗೋ, ಆಕಿ ಮನೀಗೋ?” ಅಂದ. “ಇಬ್ಬರ ಮನೀಗೂ” ಅಂದಳು ಪಾರವ್ವ, ತಾಟು ಎತ್ತುತ್ತ. “ಆಕಿ ತವರು ಇದ, ನನ್ನ ಗಂಡನ ಮನೀನೂ ಇದ.”

ಕೊಟ್ರಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತ. ಅವನನ್ನು ಅಲ್ಲಿ ಸ್ವಲ್ಪ ಹೊತ್ತು ಕೂರಲು ಬಿಡೋಣ. ಈಗ ನಿಮ್ಮ ಮಾತಿಗೆ ಬರೋಣ.

ಕೊಟ್ರಪ್ಪ ಎಲ್ಲಿ ತಪ್ಪಿದ? ಶೇರಿನಲ್ಲೇ? ಅಲ್ಲ. ಎಲ್ಲ ವಸ್ತುವಿಗೂ ಒಂದೇ ಆಯುಷ್ಯ ಅಂತ ತಿಳಿದದ್ದರಲ್ಲಿ ತಪ್ಪಿದ. ಬೇಗ ದಾಟಿಸಬೇಕಾದದ್ದು ಇದೆ, ಬಹಳ ಕಾಲ ಇಡಬೇಕಾದದ್ದು ಇದೆ. ಇವನು ಇಡಬೇಕಾದದ್ದನ್ನು ಅವಸರದಲ್ಲಿ ಮಾರಿದ. ಅವತ್ತೇ ಕೊಡಬೇಕಾದದ್ದನ್ನು ಎಂಟು ವರ್ಷ ಇಟ್ಟುಕೊಂಡ. ನೋಡಿ, ತಿರುಗಾಮುರುಗಾ ಮಾಡಿದ. ನಾವು ಮಾಡುವುದೂ ಇದೇ ಅಲ್ಲವೇ? ಕೂಡಿಟ್ಟ ದುಡ್ಡನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇವೆ. ಪಕ್ಕದ ಮನೆಯವನು ಏನೋ ಕೊಂಡನಂತೆ ಅಂತ ನಮ್ಮದನ್ನು ಮಾರುತ್ತೇವೆ. ಒಂದು ದಿನ ಇಳಿದರೆ ಊಟ ಬಿಡುತ್ತೇವೆ. ಇದಕ್ಕೆಲ್ಲ ಅವಸರ. ಅಕ್ಕತಂಗಿಯರಿಗೆ ಮುಟ್ಟಿಸಬೇಕಾದದ್ದು, ಕೆಲಸದವರಿಗೆ ಒಪ್ಪಿಕೊಂಡದ್ದು, ಇದಕ್ಕೆ ಮಾತ್ರ ಬೇಕಾದಷ್ಟು ತಾಳ್ಮೆ! ಸಂತೆಯಲ್ಲಿ ಚೌಕಾಸಿ ಮಾಡುವ ಬುದ್ಧಿಯನ್ನೇ ತಂದು ಒಡಹುಟ್ಟಿದವರ ಮುಂದೆ ಬಿಚ್ಚುತ್ತೇವೆ.

ಹಾಗಾದರೆ ಏನು ಮಾಡಬೇಕು? ಮನೆಗೆ ಹೋಗಿ ಇಷ್ಟು ಮಾಡಿ. ದುಡ್ಡು ಹಾಕುವ ಮೊದಲು ಆ ಧಂದೆ ಏನು ಅಂತ ನಿಮ್ಮ ಬಾಯಲ್ಲಿ ಮಕ್ಕಳಿಗೆ ಹೇಳಲು ಬರುತ್ತದೆಯೇ ನೋಡಿ. ಬರದಿದ್ದರೆ ಹಾಕಬೇಡಿ. ಎಲ್ಲವನ್ನೂ ಒಂದರಲ್ಲೇ ಇಡಬೇಡಿ, ಮುಚ್ಚಿಹೋಗುವ ಮಿಲ್ಲು ಎಲ್ಲರ ಪಾಲಿನಲ್ಲೂ ಒಂದಿರುತ್ತದೆ. ನಾಳೆ ಅಕ್ಕಿಗೆ, ಆಸ್ಪತ್ರೆಗೆ ಬೇಕಾಗುವ ದುಡ್ಡನ್ನು ಶೇರಿನಲ್ಲಿ ಇಡಲೇಬೇಡಿ. ಇಟ್ಟ ಮೇಲೆ ದಿನಾ ಕೆದರಬೇಡಿ. ಇನ್ನೊಬ್ಬರದು ನಿಮ್ಮ ಕೈಯಲ್ಲಿದ್ದರೆ ಮಾತ್ರ, ಅದು ಏರಲಿ, ಇಳಿಯಲಿ, ಇವತ್ತೇ ಮುಟ್ಟಿಸಿ. ಅದರ ರೇಟು ನೋಡುವ ಕೆಲಸ ನಿಮ್ಮದಲ್ಲ.

ಕೊಟ್ರಪ್ಪ ಏನು ಮಾಡಿದ ಅಂತ ತಾನೇ ಕಾಯುತ್ತಿದ್ದೀರಿ? ಪಡಸಾಲೆಯಿಂದಲೇ ಗದಗಿಗೆ ಫೋನು ಮಾಡಿದ.

“ಚೆನ್ನವ್ವಾ, ನಿನ್ನ ಪಾಲಿನ ಶೇರು ಭಾಳ ಬೆಳೆದಾವ. ನಂದರ ಐದು ಪಟ್ಟು ಆಗ್ಯಾವ. ಮಾರಿ ರೊಕ್ಕಾ ಕಳಿಸ್ಲೋ, ಹಂಗ ನಿನ್ನ ಖಾತೆಗೆ ಹಾಕಿಸ್ಲೋ?”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ಹಂಗ ಹಾಕಿಸಣ್ಣಾ. ಅಪ್ಪ ಇಟ್ಟದ್ದು ಇದ್ದಂಗ ಇರ್ಲಿ. ಮುಂದ ಬೇಕಾದಾಗ ನಾನ ನೋಡಿಕೊಳ್ತೀನಿ.” ಆಮೇಲೆ, “ನಿಂದ್ಯಾಕ ಅಷ್ಟ ಉಳೀತು?” ಅಂದಳು.

“ನಾ ಭಾಳ ಶ್ಯಾಣ್ಯಾ ಅದೀನಿ, ಅದಕ್ಕ.”

ಅವಳು ನಕ್ಕಳು. ಮೂರು ವರ್ಷದ ಮೇಲೆ ಅವನು ಆ ನಗು ಕೇಳಿದ್ದು. ಆ ಧೈರ್ಯದ ಮೇಲೆ, “ಮುಂದಿನ ಪಂಚಮಿಗೆ ಬರ್ತೀಯಿಲ್ಲೋ?” ಅಂದ.

“ಮೊದಲ ಪತ್ರ ಕಳಸು. ನಿನ್ನ ಬಾಯಿಮಾತು ಕೇಳಿ ಕೇಳಿ ಸಾಕಾಗೈತಿ.”

ಕೊಟ್ರಪ್ಪ ಪತ್ರಕ್ಕೆ ಸಹಿ ಹಾಕಿದ. ಜಿನೇಂದ್ರ ಇನ್ನೊಮ್ಮೆ ಬರುವ ತನಕ ಕಾಯಲಿಲ್ಲ, ಗುಮಾಸ್ತನ ಕೈಗೂ ಕೊಡಲಿಲ್ಲ. ಚಪ್ಪಲಿ ಮೆಟ್ಟಿ ತಾನೇ ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತ. ಮೊಬೈಲು ತೆಗೆದು ಅವತ್ತಿನ ರೇಟು ನೋಡಲಿಲ್ಲ. ಕಿಟಕಿಯೊಳಗಿನವರು ಲಕೋಟೆಯನ್ನು ತೂಕಕ್ಕೆ ಇಟ್ಟರು, ಹಣ ಪಡೆದು ರಸೀದಿ ಕೊಟ್ಟರು, ಲಕೋಟೆಯನ್ನು ಹುಬ್ಬಳ್ಳಿಯ ಚೀಲಕ್ಕೆ ಹಾಕಿದರು.