ಪಾಕ್ ದಾರ್ಮಿನ್ ಅವರ ಬೆಸುಗೆ

ವೇದಿಕೆಯ ಮೇಲಿರುವ ನಮ್ಮ ಹಡಗುಕಟ್ಟೆಯ ಹಿರಿಯರೇ, ನೌಕಾಪಡೆಯ ಅಧಿಕಾರಿಗಳೇ, ಸೆಕೆಯಲ್ಲೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ಮೂವತ್ತೊಂದು ವರ್ಷ ಬೆಸುಗೆ ಪರೀಕ್ಷಿಸಿದವಳು ನಾನು. ಮಾತು ಜೋಡಿಸಲು ಬಾರದು, ಬಿರುಕು ಹುಡುಕುವುದಷ್ಟೇ ಗೊತ್ತು. ಬೇಕಾದರೆ ನನ್ನ ಗಂಡನನ್ನು ಕೇಳಿ.

ಈ ಸುರಬಾಯಾ ಬಂದರಿನಲ್ಲಿ ನಾವು ಎಷ್ಟು ಕಾಲ ಪರದೇಶದ ಹಡಗುಗಳಿಗೆ ತೇಪೆ ಹಾಕಿದೆವು! ಕೊನೆಗೊಮ್ಮೆ ನಮ್ಮದೇ ಫ್ರಿಗೇಟ್ ಯುದ್ಧನೌಕೆ ಕಟ್ಟಲು ಆದೇಶ ಬಂತು. ಆ ದಿನಗಳು ಮತ್ತೆ ಬರುತ್ತವೆಯೇ? ಊಟಕ್ಕೆ ಕುಳಿತರೂ ಹಡಗಿನದೇ ಮಾತು. ತಟ್ಟೆಯಲ್ಲಿ ರಾವೋನ್ ಸಾರು ಆರಿಹೋಗುತ್ತಿತ್ತು.

ತಳದ ಬೆಸುಗೆಯನ್ನು, ನಾವೆಲ್ಲ ಅಪ್ಪನೆಂಬಂತೆ 'ಪಾಕ್' ಎಂದು ಕರೆಯುವ ಪಾಕ್ ದಾರ್ಮಿನ್ ಅವರಿಗಲ್ಲದೆ ಇನ್ಯಾರಿಗೆ ಕೊಡುತ್ತಾರೆ? ನನಗೂ ಕೆಲಸ ಕಲಿಸಿದವರು ಅವರೇ. "ಕಬ್ಬಿಣದ ಮೇಲೆ ಸಿಟ್ಟು ಮಾಡ್ಕೋಬೇಡ ಮಗಳೇ, ಅದಕ್ಕೂ ಗೊತ್ತಾಗತ್ತೆ" ಅನ್ನುತ್ತಿದ್ದರು.

ಹಡಗು ನೀರಿಗಿಳಿಯಲು ಒಂಬತ್ತು ದಿನವಿತ್ತು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರೆ, ಅವರ ಬೆಸುಗೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಮೂರು ಸಲ ತೆಗೆಸಿದೆ. ಮೂರು ಸಲವೂ ಅದೇ ಗೆರೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಯಾರಿಗೂ ಹೇಳಿರಲಿಲ್ಲ; ಹತ್ತಿರದಿಂದ ಕಂಡ ನನಗೆ ಗೊತ್ತಾಗಿತ್ತು.

"ಸಹಿ ಹಾಕಮ್ಮಾ, ಸಮುದ್ರ ಏನು ಫಿಲ್ಮ್ ನೋಡತ್ತಾ?" ಎಂದರು ಮೇಸ್ತ್ರಿ. ನಾನು ಹಾಕಲಿಲ್ಲ. ಬೆಳಗಿನ ಸಭೆಯಲ್ಲಿ, ಎಲ್ಲರೆದುರು, ಇದನ್ನು ಕೆತ್ತಿ ತೆಗೆಯಬೇಕು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಣ್ಣು ಕಾಣದವರಿಗೆ ಇಂಥ ಕೆಲಸ ಕೊಡೋದೇ ತಪ್ಪು" ಎಂದುಬಿಟ್ಟೆ. ಯಾಕೆಂದೆನೋ! ಹೆಂಗಸೊಬ್ಬಳು ಗಟ್ಟಿಯಾಗಿ ಮಾತಾಡಿದಳು ಅನ್ನಿಸಿಕೊಳ್ಳಬೇಕಿತ್ತೇನೋ.

ಅವರು ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟು ಹೊರಟುಹೋದರು. ಬೆಸುಗೆ ಹೊಸದಾಯಿತು, ಹಡಗು ತಡವಾಗಿ ನೀರಿಗಿಳಿಯಿತು. ಬ್ಯಾಂಡು ಬಾರಿಸಿದರು, ಎಲ್ಲರೂ ಅತ್ತೆವು. ಅವರು ಬರಲಿಲ್ಲ.

ಎರಡು ವರ್ಷದ ಮೇಲೆ ಧೈರ್ಯಮಾಡಿ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. "ಕೆತ್ತಿಸಿದ್ದು ಸರಿ. ಅಷ್ಟು ಜನರ ಮಕ್ಕಳು ಮಲಗೋ ಹಡಗು ಅದು. ಆದರೆ ಕಣ್ಣಿನ ಮಾತು ನನ್ನ ಕಿವೀಲಿ ಹೇಳಬಹುದಿತ್ತಲ್ವಾ ಮಗಳೇ?" ಎಂದರು. ಕಾಫಿ ಕುಡಿದು ಬಂದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ಆ ಮಾದರಿಯ ಮುಂದಿನ ಹಡಗುಗಳಿಗೆ ಬೆಸುಗೆ ಹಾಕಿದವರೆಲ್ಲ ಅವರ ಶಿಷ್ಯರು. ಆ ಶಿಷ್ಯರ ಒಂದೇ ಒಂದು ಬೆಸುಗೆಯನ್ನೂ ನಾನು ಕೆತ್ತಿಸಬೇಕಾಗಲಿಲ್ಲ. ಇದನ್ನು ಯಾವ ಸಭೆಯಲ್ಲೂ ಹೇಳಿರಲಿಲ್ಲ; ಇವತ್ತು ಹೇಳುತ್ತಿದ್ದೇನೆ. ಪಾಕ್, ಮೂರನೇ ಸಾಲಿನಲ್ಲಿ ಕುಳಿತಿದ್ದೀರಿ. ನನ್ನದು ತಪ್ಪಾಯಿತು.

ಅಯ್ಯೋ, ಏಳಬೇಡಿ. ಮೆಟ್ಟಿಲು ಎತ್ತರವಿದೆ, ನಾನೇ ಇಳಿದು ಬರುತ್ತೇನೆ. ಈ ಮೈಕನ್ನು ಯಾರಾದರೂ ಹಿಡಿದುಕೊಳ್ಳಿ. ಎಲ್ಲರಿಗೂ ವಂದನೆಗಳು, ನಮಸ್ಕಾರ.